ಡ್ರೈವರ್ ಇಲ್ಲದ ಗಾಡಿ ಹತ್ತತೀರೇನ್ರಿ?

2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಒಂದು ವಿಡಿಯೊ ನಮ್ಮ ರಾಮದುರ್ಗದ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಬಂತು. ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಆವರಣ. ಉತ್ತರಾದಿ ಮಠದ ಸತ್ಯಾತ್ಮತೀರ್ಥ ಸ್ವಾಮೀಜಿ ಒಂದು ಕಾರಿನಲ್ಲಿ ಕೂತಿದ್ದಾರೆ. ಕಾರು ಮೆಲ್ಲಗೆ ಹೊರಟಿದೆ. ಓಡಿಸುವವರು ಯಾರೂ ಇಲ್ಲ. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಕಾಲೇಜು ಸೇರಿ ನಡೆಸುತ್ತಿರುವ ‘ವಿರಿನ್’ ಯೋಜನೆಯ ಪ್ರಾಯೋಗಿಕ ಕಾರು ಅದು. ಇದಕ್ಕೂ ಮೊದಲು, 2023ರಲ್ಲಿ, ಬೆಂಗಳೂರಿನದೇ ‘ಮೈನಸ್ ಝೀರೊ’ ಎಂಬ ಕಂಪನಿ ಸ್ಟೇರಿಂಗೇ ಇಲ್ಲದ ಒಂದು ಪುಟ್ಟ ಗಾಡಿಯನ್ನು ತೋರಿಸಿತ್ತು. ಆಗ ನಮ್ಮೂರಿನವರು ಅಷ್ಟು ಗಮನಿಸಿರಲಿಲ್ಲ. ಈಗ ಸ್ವಾಮೀಜಿ ಕೂತಿದ್ದರಿಂದ ಎಲ್ಲರೂ ನೋಡಿದರು.

ಗುಂಪುಗಳಲ್ಲಿ ಬಂದ ಮಾತುಗಳು ಎರಡೇ ನಮೂನೆಯವು. ಒಂದು: “ಸ್ವಾಮಿಗೋಳು ಕುಂತ್ರ ದೇವರು ಕಾಯ್ತಾನ, ನಮ್ಮಂಥಾವ್ರು ಕುಂತ್ರ ಯಾರು ಕಾಯ್ತಾರ?” ಇನ್ನೊಂದು: “ಕಾಲೇಜ್ ಕಂಪೌಂಡಿನ್ಯಾಗ ಏನ್ ದೊಡ್ಡದು, ನಮ್ಮ ರಸ್ತಾದಾಗ ಒಂದ ಕಿಲೊಮೀಟರ್ ಓಡಿಸಿ ತೋರಿಸ್ಲಿ.”

ನಗು ಮುಗಿದ ಮೇಲೆ ನಮಗೊಂದು ಕುತೂಹಲ ಉಳಿಯಿತು. ನಾವು ಅಂದರೆ, ಜಿಲ್ಲಾ ಕೇಂದ್ರದಿಂದ ನೂರು ಕಿಲೊಮೀಟರ್ ಮೀರಿ ದೂರದಲ್ಲಿ ಕೂತು ತಾಲ್ಲೂಕಿನ ಸುದ್ದಿ ಕಳಿಸುವ ಒಬ್ಬ ಸ್ಟ್ರಿಂಜರ್. ‘ನಾನು’ ಎಂದು ಬರೆಯುವ ರೂಢಿಯನ್ನು ಡಿಪ್ಲೊಮಾ ತರಗತಿಯಲ್ಲೇ ಬಿಡಿಸಿದರು. ಅದು ಹೋದದ್ದು ಹೋಯಿತು. ಸುದ್ದಿಗೆಂದು ತಿರುಗುವಾಗ ಬಸ್ ನಿಲ್ದಾಣದಲ್ಲಿ, ಚಾದಂಗಡಿಯಲ್ಲಿ, ಕೋರ್ಟಿನ ಮರದ ಕೆಳಗೆ, ಸುರೇಬಾನ ಮತ್ತು ಕಟಕೋಳದ ಸಂತೆಗಳಲ್ಲಿ ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತ ಹೋದೆವು: “ಡ್ರೈವರ್ ಇಲ್ಲದ ಗಾಡಿ ಹತ್ತತೀರೇನ್ರಿ?”

ಇದು ಸಮೀಕ್ಷೆ ಅಲ್ಲ. ಲೆಕ್ಕ ಇಟ್ಟಿಲ್ಲ. ಆದರೆ ಬಂದ ಉತ್ತರಗಳು ಕಾರಿನ ಬಗ್ಗೆ ಹೇಳಿದ್ದಕ್ಕಿಂತ ನಮ್ಮ ಬಗ್ಗೆ ಹೇಳಿದ್ದೇ ಹೆಚ್ಚು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಜೀವದ ಆಸೆ

ಬಹುತೇಕರು ಇಲ್ಲ ಎಂದರು. ಆದರೆ “ಯಾಕ?” ಎಂದು ಕೇಳಿದಾಗ ನಾವು ಎಣಿಸಿದ ಉತ್ತರ ಬರಲಿಲ್ಲ. ಯಂತ್ರ ಕೆಡಬಹುದು, ಬ್ಯಾಟರಿ ಮುಗಿಯಬಹುದು, ನೆಟ್‌ವರ್ಕ್ ಹೋಗಬಹುದು ಎಂಬ ಮಾತು ಓದಿದ ಹುಡುಗರಿಂದ ಬಂತು. ಉಳಿದವರು ಬೇರೆಯದೇ ಹೇಳಿದರು.

ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: “ಅದಕ್ಕ ಜೀವದ ಆಸೆ ಇರೂದಿಲ್ಲಲ್ಲೋ ತಮ್ಮಾ. ಡ್ರೈವರ್ ನಮ್ಮ ಜೋಡಿ ತಾನೂ ಕುಂತಿರ್ತಾನ. ಅವಂಗೂ ಮನ್ಯಾಗ ಹೇಣ್ತಿ ಮಕ್ಳು ಇರ್ತಾರ. ಗಾಡಿ ಬಿದ್ರ ಮೊದಲ ಅವನ ಸಾಯ್ತಾನ. ಅದಕ್ಕ ನಾವು ನಿದ್ದಿ ಹೊಡಿತೇವಿ.”

ಈ ಮಾತನ್ನು ನಾವು ಬಹಳ ದಿನ ತಲೆಯಲ್ಲಿ ಹೊತ್ತು ತಿರುಗಿದೆವು. ವಡಾಪ್ ಹತ್ತುವಾಗ ನಾವು ಯಾರೂ ಡ್ರೈವರ್‌ನ ಲೈಸೆನ್ಸ್ ನೋಡುವುದಿಲ್ಲ. ಅವನು ಎಷ್ಟು ವರ್ಷದಿಂದ ಓಡಿಸುತ್ತಿದ್ದಾನೆ ಎಂದು ಕೇಳುವುದಿಲ್ಲ. ಮುಖ ನೋಡುತ್ತೇವೆ. ವಾಸನೆ ಬರುತ್ತದೆಯೇ ಎಂದು ಮೂಗಿಗೆ ಗೊತ್ತಾಗುತ್ತದೆ. ಯಾವೂರ ಹುಡುಗ, ಯಾರ ಪೈಕಿ ಎಂದು ಕೇಳುತ್ತೇವೆ. ಉತ್ತರ ಸಿಕ್ಕರೆ ಹತ್ತಿ ಕೂಡುತ್ತೇವೆ. ಹತ್ತು ಜನರ ಕ್ರೂಸರ್‌ನಲ್ಲಿ ಹದಿನೆಂಟು ಜನ ಕೂತಾಗಲೂ ಭಯ ಆಗುವುದಿಲ್ಲ. ಏಕೆಂದರೆ ಮುಂದೆ ಕೂತವನು ನಮ್ಮ ಜೊತೆಗೇ ಬದುಕುವವನು, ನಮ್ಮ ಜೊತೆಗೇ ಸಾಯುವವನು. ಅಂದರೆ ನಮ್ಮ ನಂಬಿಕೆ ಅವನ ಕೈಚಳಕದ ಮೇಲೆ ಅಲ್ಲ, ಅವನ ಪ್ರಾಣದ ಮೇಲೆ.

ಮಲಪ್ರಭೆಯ ದಂಡೆಯ ಹೊಲದಲ್ಲಿ ಸಿಕ್ಕ ಒಬ್ಬ ಹಿರಿಯ ರೈತರಿಗೆ ಈ ಪ್ರಶ್ನೆ ಹೊಸದೇ ಅನ್ನಿಸಲಿಲ್ಲ. “ನಾವು ಸಣ್ಣಾವ್ರಿದ್ದಾಗ ಎಲ್ಲಾ ಚಕ್ಕಡಿನೂ ಡ್ರೈವರ್ ಇಲ್ಲದ್ದ ಇದ್ದೂವಲ್ಲ!” ಎಂದು ನಕ್ಕರು. ಎಲ್ಲಮ್ಮನ ಜಾತ್ರೆಯಿಂದಲೋ ಗೊಡಚಿ ವೀರಭದ್ರನ ಜಾತ್ರೆಯಿಂದಲೋ ರಾತ್ರಿ ಹೊರಟರೆ, ಹಗ್ಗ ಕೈಬಿಟ್ಟು ಚಕ್ಕಡಿಯಲ್ಲಿ ಮಲಗಿಬಿಡುತ್ತಿದ್ದರಂತೆ. ಬೆಳಗಿನ ಜಾವ ಕಣ್ಣು ಬಿಟ್ಟರೆ ಎತ್ತು ಮನೆಯ ಮುಂದೆ ನಿಂತಿರುತ್ತಿದ್ದವು. “ಹಂಗಾದ್ರ ಈ ಕಾರೂ ಹತ್ತಬಹುದಲ್ರಿ?” ಎಂದೆವು. ಅವರು ತಲೆ ಅಲ್ಲಾಡಿಸಿದರು. “ಎತ್ತಿಗೆ ಹಸಿವಿ ಇರ್ತೈತಿ ತಮ್ಮಾ. ಗ್ವಾದಲ್ಯಾಗ ಮೇವು ಐತಿ ಅಂತ ಅದು ಮನಿಗೆ ಬರತೈತಿ. ಈ ಕಾರಿಗೆ ಎದರ ಆಸೆ ಐತಿ, ಹೇಳು?”

ಅಜ್ಜಿ ಹೇಳಿದ್ದು ಜೀವದ ಆಸೆ, ಇವರು ಹೇಳಿದ್ದು ಮೇವಿನ ಆಸೆ. ಆಸೆ ಇಲ್ಲದ್ದನ್ನು ನಂಬುವುದು ಹೇಗೆ ಎಂಬುದೇ ಇಬ್ಬರ ಪ್ರಶ್ನೆ.

ಹೌದು ಎಂದವರು

ಹತ್ತುತ್ತೇವೆ ಎಂದವರೂ ಇದ್ದರು. ಅವರು ಯಾರು ಎಂಬುದು ಮುಖ್ಯ.

ಕಾಲೇಜಿಗೆ ದಿನಾ ವಡಾಪ್‌ನಲ್ಲಿ ಬರುವ ಹುಡುಗಿಯರ ಒಂದು ಗುಂಪಿಗೆ ಕೇಳಿದಾಗ, ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬಳು ಮಾತ್ರ, ಗೆಳತಿಯರ ಕಡೆ ನೋಡಿ, “ನಾ ಹತ್ತತೇನ್ರಿ ಸರ್” ಎಂದಳು. ಯಾಕೆ ಎಂದರೆ, “ಕನ್ನಡಿ ತಿರುವಿ ನಮ್ಮನ್ನ ನೋಡೋವ್ರು ಇರೂದಿಲ್ಲಲ್ರಿ ಅದರಾಗ.” ಗುಂಪಿನಲ್ಲಿ ನಗು ನಿಂತಿತು. ಉಳಿದವರೂ ಒಬ್ಬೊಬ್ಬರಾಗಿ ತಲೆ ಆಡಿಸಿದರು.

ಕೈ ಮಾಡಿದರೂ ನಿಲ್ಲಿಸದೆ ಹೋಗುವ ಬಸ್ಸಿನ ಹಿಂದೆ ಓಡಿ ಸೋತಿದ್ದ ಒಬ್ಬ ತಾಯಿಯೂ ಹೀಗೇ ಅಂದಳು: “ಯಂತ್ರ ಆದ್ರ ಬಡವ್ರಿಗೂ ಸಾವಕಾರ್ರಿಗೂ ಒಂದ ನಮೂನಿ ನಿಲ್ಲಸ್ತೈತಿ ಅಲ್ರಿ?”

ಇನ್ನೊಬ್ಬರು, ಹುಟ್ಟಿನಿಂದ ಕಣ್ಣು ಕಾಣದ ಯುವಕ. ನಾವು ಪ್ರಶ್ನೆ ಮುಗಿಸುವ ಮೊದಲೇ ಉತ್ತರಿಸಿದರು: “ನನಗ ಎಲ್ಲಾ ಗಾಡಿನೂ ಡ್ರೈವರ್ ಕಾಣದ ಗಾಡಿನ ಅಲ್ರಿ. ಒಬ್ಬರ ಕೈ ಹಿಡೀದ ನಾನ ಒಬ್ಬಂವ ಎಲ್ಲಿಗರೆ ಹೋಗಿಬರ್ತೇನಿ ಅಂದ್ರ, ಇವತ್ತ ಹತ್ತತೇನಿ.”

ಹತ್ತುವುದಿಲ್ಲ ಎಂದವರೆಲ್ಲ ಡ್ರೈವರ್‌ನಿಂದ ಇದುವರೆಗೆ ಕೆಡುಕು ಕಾಣದವರು. ಹತ್ತುತ್ತೇವೆ ಎಂದವರು ಆ ಸೀಟಿನಲ್ಲಿ ಕೂತ ಮನುಷ್ಯನಿಂದ ಏನೋ ಒಂದು ನೋವು ಉಂಡವರು, ಇಲ್ಲವೇ ಆ ಸೀಟಿಗಾಗಿ ಇನ್ನೊಬ್ಬರ ಹಂಗಿನಲ್ಲಿ ಇರುವವರು. ಹಳ್ಳಿಯವರಿಗೆ ಹೊಸದೆಂದರೆ ಭಯ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ಯಾರಿಗೆ ಯಾವುದರ ಭಯ ಎಂದು ಕೇಳಿದರೆ ಉತ್ತರ ಹೀಗೆ ಕವಲಾಗುತ್ತದೆ.

ಹೋಗಿ ಕೂತು ಬಂದವರ ಮಾತು

ನಿಜವಾಗಿಯೂ ಇಂಥ ಕಾರಿನಲ್ಲಿ ಕೂತು ಬಂದ ಒಬ್ಬರು ನಮ್ಮ ತಾಲ್ಲೂಕಿನಲ್ಲೇ ಸಿಕ್ಕರು. ನಿವೃತ್ತ ಮಾಸ್ತರರು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮೊಮ್ಮಗನನ್ನು ನೋಡಲು ಹೋದಾಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ವೇಮೊ’ ಕಾರು ಹತ್ತಿಸಿದರಂತೆ. ಗೂಗಲ್ 2009ರಲ್ಲಿ ಶುರು ಮಾಡಿದ ಪ್ರಯೋಗವೇ ಬೆಳೆದು ವೇಮೊ ಆಯಿತು. 2020ರಲ್ಲಿ ಫೀನಿಕ್ಸ್ ಊರಿನಲ್ಲಿ ಡ್ರೈವರ್ ಇಲ್ಲದೆ ಸಾರ್ವಜನಿಕರನ್ನು ಒಯ್ಯತೊಡಗಿತು. 2024ರ ಜೂನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಯಾರು ಬೇಕಾದರೂ ಮೊಬೈಲಿನಲ್ಲಿ ಕರೆಸಿ ಹತ್ತಬಹುದು.

ಮಾಸ್ತರರು ಹೇಳಿದ್ದನ್ನು ಅವರ ಮಾತಿನಲ್ಲೇ ಕೇಳಿ: “ಮೊದಲ ಐದ ಮಿನಿಟು ನಾ ಸೀಟ ಗಟ್ಟಿ ಹಿಡಕೊಂಡ ಕುಂತಿದ್ದೆ. ಸ್ಟೇರಿಂಗ್ ತಾನ ತಿರಗತಿತ್ತು, ದೆವ್ವ ಹೊಕ್ಕಂಗ. ನಮ್ಮಕಿ ಅಂತೂ ಕಣ್ಣ ಮುಚ್ಚಿ ಎಲ್ಲವ್ವನ ನೆನಸಾಕ ಹತ್ತಿದ್ಲು. ಮುಂದಿನ ಸ್ಕ್ರೀನ್‌ನ್ಯಾಗ ರಸ್ತಾದ ಮ್ಯಾಲಿನ ಮಂದಿ, ಸೈಕಲ್ಲು, ಗಾಡಿ ಎಲ್ಲಾ ಗೊಂಬಿ ಹಂಗ ಕಾಣತಿದ್ದೂವು. ಅದು ನಮಗಿಂತ ಮೊದಲ ಎಲ್ಲಾ ನೋಡತೈತಿ ಅನ್ನೂದು ತಿಳೀತು. ಹತ್ತ ಮಿನಿಟಿಗೆ ಭಯ ಹೋತು. ಹದಿನೈದ ಮಿನಿಟಿಗೆ ಬ್ಯಾಸರಾತು!”

ಬ್ಯಾಸರ ಯಾಕೆ? “ಮಾತಾಡಾಕ ಯಾರೂ ಇರ್ಲಿಲ್ಲಲ್ಲೋ. ನಮ್ಮ ಕಡೆ ಡ್ರೈವರ್ ಜೋಡಿ ಮಳಿ ಬೆಳಿ, ಎಲೆಕ್ಷನ್ ಎಲ್ಲಾ ಆಗತೈತಿ. ಅಲ್ಲಿ ‘ಬೆಲ್ಟ್ ಹಾಕ್ಕೋರಿ’ ಅಂತ ಒಂದ ದನಿ, ‘ಇಳೀರಿ’ ಅಂತ ಒಂದ ದನಿ. ಮುಗೀತು.”

ಈ ಮೂರು ಹಂತ, ಅಂದರೆ ಭಯ, ಬೆರಗು, ಬೇಸರ, ಬಹಳ ಜನರ ಅನುಭವದಲ್ಲಿ ಇದೇ ಕ್ರಮದಲ್ಲಿ ಬರುತ್ತವೆ. ಒಮ್ಮೆ ಕೂತವರ ಭಯ ಬೇಗ ಕರಗುತ್ತದೆ, ಕೂಡದವರ ಭಯ ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾರುಗಳು ಓಡಾಡುವ ಅಮೆರಿಕದಲ್ಲೂ ಭಯ ಹೋಗಿಲ್ಲ. ಅಲ್ಲಿನ ವಾಹನ ಬಳಕೆದಾರರ ಸಂಘ ಎಎಎ 2025ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹತ್ತು ಚಾಲಕರಲ್ಲಿ ಆರು ಜನ ಇಂಥ ಕಾರಿನಲ್ಲಿ ಕೂಡಲು ಹೆದರುತ್ತೇವೆ ಎಂದಿದ್ದರು. ನಂಬುತ್ತೇವೆ ಎಂದವರು ಶೇ 13 ಮಾತ್ರ. 2024ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ ಜನರ ಗುಂಪೊಂದು ಖಾಲಿ ವೇಮೊ ಕಾರಿಗೆ ಬೆಂಕಿ ಹಚ್ಚಿ ಸುಟ್ಟಿತು. ಹಾಗಾಗಿ ನಮ್ಮ ಸಂತೆಯ ಅಜ್ಜಿ ಒಬ್ಬಳೇ ಏನೂ ಇಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಅನುಭವ ಬೇಕೆಂದರೆ ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ., 16 ನಿಲ್ದಾಣ. 2025ರ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಡ್ರೈವರ್ ಇಲ್ಲದೆ ಓಡಬಲ್ಲ ರೈಲು ಎಂದು ವರ್ಷಗಟ್ಟಲೆ ಸುದ್ದಿಯಾಗಿತ್ತು. ಓಡಲು ಶುರುವಾದಾಗ ಮಾತ್ರ ಚಾಲಕರನ್ನು ಕೂಡಿಸಿಯೇ ಓಡಿಸಿದರು. ದೆಹಲಿಯ ಮಜೆಂಟಾ ಮಾರ್ಗದಲ್ಲಿ ಚಾಲಕರಹಿತ ರೈಲು ಶುರುವಾದದ್ದು 2020ರ ಡಿಸೆಂಬರ್‌ನಲ್ಲಿ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಕಡೆಯ ಒಬ್ಬ ಹುಡುಗ ಫೋನಿನಲ್ಲಿ ಹೇಳಿದ: “ಡ್ರೈವರ್ ಇದ್ದಾನೋ ಇಲ್ಲೋ ಯಾರು ನೋಡ್ತಾರಣ್ಣ? ಸೀಟ್ ಸಿಕ್ತೋ ಇಲ್ಲೋ ಅಷ್ಟ ನೋಡ್ತೇವಿ.”

ರೈಲಿನ ಮಾತು ಬಂದರೆ ನಮಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ರೈಲು ಮಾರ್ಗ ಬೇಕೆಂದು ನಮ್ಮವರು ಕೇಳುತ್ತಲೇ ಬಂದಿದ್ದಾರೆ. ಅದರ ಮನವಿ ಕೊಟ್ಟ ಸುದ್ದಿಯನ್ನು ನಾವೇ ಎಷ್ಟು ಸಲ ಬರೆದಿದ್ದೇವೋ. ಬೆಂಗಳೂರಿನಲ್ಲಿ ಡ್ರೈವರ್ ಇಲ್ಲದ ರೈಲು. ನಮ್ಮಲ್ಲಿ ರೈಲೇ ಇಲ್ಲ.

ನಮ್ಮ ರಸ್ತೆಯ ವ್ಯಾಕರಣ

ಈ ಕಾರುಗಳು ನೋಡುವ ಬಗೆ ಸ್ಥೂಲವಾಗಿ ಹೀಗೆ. ಸುತ್ತ ಕ್ಯಾಮೆರಾಗಳು. ದೂರ ಅಳೆಯಲು ರೇಡಾರ್. ಕೆಲವಕ್ಕೆ ತಲೆಯ ಮೇಲೆ ತಿರುಗುವ ಲೈಡಾರ್, ಅದು ಬೆಳಕಿನ ಕಿರಣ ಬಿಟ್ಟು ಅದು ಮರಳಿ ಬರುವ ಹೊತ್ತಿನಿಂದ ಎದುರಿನ ವಸ್ತು ಎಷ್ಟು ದೂರ ಎಂದು ಲೆಕ್ಕ ಹಾಕುತ್ತದೆ. ಒಳಗೆ ಮೊದಲೇ ತುಂಬಿಟ್ಟ ರಸ್ತೆಯ ನಕ್ಷೆ. ಎದುರಿನ ಮನುಷ್ಯ, ವಾಹನ ಮುಂದಿನ ಕ್ಷಣ ಏನು ಮಾಡಬಹುದು ಎಂದು ಕಂಪ್ಯೂಟರ್ ಊಹಿಸುತ್ತದೆ. ಊಹೆಗೆ ಆಧಾರ, ಹಿಂದೆ ಲಕ್ಷಗಟ್ಟಲೆ ಸಲ ನೋಡಿ ಕಲಿತದ್ದು.

ಈಗ ನಮ್ಮ ರಸ್ತೆ ನೆನೆಯಿರಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ರಾತ್ರಿ ಹಿಂದಿನ ದೀಪ ಇಲ್ಲದೆ ಹೋಗುತ್ತಿರುತ್ತದೆ. ಟೇಪ್ ರೆಕಾರ್ಡರ್ ಹಾಡು ಮೊದಲು ಕೇಳುತ್ತದೆ, ಟ್ರ್ಯಾಕ್ಟರ್ ಆಮೇಲೆ ಕಾಣುತ್ತದೆ. ಸುಗ್ಗಿಯಲ್ಲಿ ಅರ್ಧ ರಸ್ತೆಯ ಮೇಲೆ ರಾಶಿ, ಅದಕ್ಕೆ ಕಾವಲಾಗಿ ಸಾಲು ಕಲ್ಲು. ಕುರಿ ಹಿಂಡು ಬಂದರೆ ಗಾಡಿ ನಿಲ್ಲಬೇಕು, ಕುರುಬರು ಸೀಟಿ ಹೊಡೆದು ದಾರಿ ಮಾಡಿಕೊಡುವವರೆಗೂ ಕಾಯಬೇಕು. ಹಾರ್ನ್ ಒಂದು ಸಲ ಹೊಡೆದರೆ ಬಂದೆ, ಎರಡು ಸಲ ಹೊಡೆದರೆ ಸರಿ, ಉದ್ದ ಹೊಡೆದರೆ ಬೈಗುಳ. ಎದುರಿನ ಲಾರಿ ಡಿಪ್ಪರ್ ಕೊಟ್ಟರೆ ‘ನಾನು ಬರುತ್ತೇನೆ, ನೀ ನಿಲ್ಲು’ ಎಂದರ್ಥ. ಬಾಗಿಲಿಗೆ ಜೋತು ಬಿದ್ದ ಹುಡುಗ ಗಾಡಿ ಬಡಿದರೆ ನಿಲ್ಲಬೇಕು, ‘ರೈಟ್’ ಎಂದರೆ ಹೋಗಬೇಕು. ಬರೆದಿಟ್ಟ ನಿಯಮ ಬೇರೆ, ರಸ್ತೆಯ ಮೇಲಿನ ವ್ಯಾಕರಣ ಬೇರೆ.

ಒಬ್ಬ ಕಂಡಕ್ಟರ್ ಇದನ್ನೇ ಚಂದ ಹೇಳಿದರು: “ಡ್ರೈವರ್ ಇಲ್ಲಾಂದ್ರ ನಾ ಸೀಟಿ ಊದೂದು ಯಾರಿಗೆ?”

ಬೆಂಗಳೂರಿನ ಕಾಲೇಜಿನ ಆವರಣದಿಂದ ಮುದಕವಿ ರಸ್ತೆಯವರೆಗೆ ಈ ಕಾರು ಬರಲು ಬಹಳ ದಾರಿ ಇದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಆದರೆ ಇಲ್ಲಿಗೆ ಮಾತು ನಿಲ್ಲಿಸಿ ನಮ್ಮ ಡ್ರೈವರ್‌ಗಳನ್ನು ಹೊಗಳಿ ಬರಹ ಮುಗಿಸುವುದು ನ್ಯಾಯವಲ್ಲ. ರಸ್ತೆಯ ಇನ್ನೊಂದು ಪುಟ ನಮ್ಮ ಬಳಿ ಇದೆ.

‘ಚಾಲಕನ ನಿಯಂತ್ರಣ ತಪ್ಪಿ’

ಅಪಘಾತದ ಸುದ್ದಿ ಬರೆಯುವ ಎಲ್ಲ ಗೆಳೆಯರಿಗೂ ಈ ಮೂರು ಪದ ಬೆರಳ ತುದಿಯಲ್ಲಿವೆ. ಪೊಲೀಸ್ ಠಾಣೆಯಿಂದ ಬರುವ ಮಾಹಿತಿಯೂ ಈ ಪದಗಳಲ್ಲೇ ಇರುತ್ತದೆ. ‘ಚಾಲಕನ ನಿಯಂತ್ರಣ ತಪ್ಪಿ ವಾಹನ ಮರಕ್ಕೆ ಡಿಕ್ಕಿ.’

2023ರ ಜನವರಿ 5. ಹುಲಕುಂದದ ಭಕ್ತರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದ್ದರು. ದಾರಿಯಲ್ಲಿ ಒಂದು ಗೂಡ್ಸ್ ವಾಹನ ಹತ್ತಿದರು. ನಮ್ಮದೇ ತಾಲ್ಲೂಕಿನ ಚುಂಚನೂರ ಬಳಿ ಆ ವಾಹನ ಮರಕ್ಕೆ ಡಿಕ್ಕಿ ಹೊಡೆಯಿತು. ಆರು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ಕಾಲಲ್ಲಿ ನಡೆದೇ ಹೋಗುವ ಹರಕೆ ಹೊತ್ತವರು ಹತ್ತಿದ್ದು ಒಂದು ನಂಬಿಕೆಯ ಮೇಲೆ. ಸಂತೆಯ ಅಜ್ಜಿ ಹೇಳಿದ ಅದೇ ನಂಬಿಕೆ: ಅವನೂ ನಮ್ಮ ಜೋಡಿ ಕುಂತಿರ್ತಾನ. ಜೀವದ ಆಸೆ ಇರುವವರಿಗೂ ನಿದ್ದೆ ಬರುತ್ತದೆ. ಹೆಂಡತಿ ಮಕ್ಕಳು ಇರುವವರೂ ಕುಡಿಯುತ್ತಾರೆ, ಫೋನ್ ನೋಡುತ್ತಾರೆ, ಇನ್ನೊಂದು ಟ್ರಿಪ್ಪಿನ ಆಸೆಗೆ ವೇಗ ಹೆಚ್ಚಿಸುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತ ನಡೆದವು. ಸತ್ತವರು 1,68,491. ದಿನಕ್ಕೆ 460ಕ್ಕೂ ಹೆಚ್ಚು. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಹಿಂದಿನ ಗಾಡಿಯವನ ಮೇಲೆ ಹಟ ಸಾಧಿಸುವುದಿಲ್ಲ. ಈ ವಾದವನ್ನು ಚುಂಚನೂರಿನ ರಸ್ತೆಯಲ್ಲಿ ನಿಂತು ತಳ್ಳಿಹಾಕುವುದು ಕಷ್ಟ.

ಆದರೆ ಈ ಮಾತಿಗೆ ನಮ್ಮ ಮನೆಯೊಳಗೇ ಒಂದು ತೊಡಕಿದೆ. ನಮ್ಮ ಅಣ್ಣ ಕ್ರೂಸರ್ ಓಡಿಸುತ್ತಾನೆ. ಗಾಡಿ ಸ್ವಂತದ್ದು, ಸಾಲ ಫೈನಾನ್ಸಿನದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ಎರಡು ರಾತ್ರಿ ಎರಡು ಹಗಲು ಸತತ ಟ್ರಿಪ್. ಮದುವೆ ಹಂಗಾಮಿನಲ್ಲೂ ಹಾಗೇ. ನಡುವೆ ಎಲ್ಲಾದರೂ ಗಾಡಿ ನಿಲ್ಲಿಸಿ, ಮುಖಕ್ಕೆ ನೀರು ಹೊಡೆದುಕೊಂಡು, ಚಹಾ ಕುಡಿದು ಮತ್ತೆ ಹೊರಡುತ್ತಾನೆ. ನಮ್ಮ ಅವ್ವ ಅವನ ಫೋನ್ ಬರುವವರೆಗೂ ಮಲಗುವುದಿಲ್ಲ. ಫೋನ್ ಬಂದರೆ ಕೇಳುವುದು ಒಂದೇ ಮಾತು: “ಮುಟ್ಟಿದ್ಯಾ?”

ಅವನಿಗೂ ವಿಡಿಯೊ ತೋರಿಸಿದೆವು. ಎರಡು ಸಲ ನೋಡಿದ. “ಬರ್ಲಿ ಬಿಡೋ. ನಾ ಹಿಂದಿನ ಸೀಟಿನ್ಯಾಗ ಮಕ್ಕೊಂಡ ಹೊಕ್ಕೇನಿ” ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, ಮೊಬೈಲು ವಾಪಸ್ ಕೊಡುತ್ತ, “ಕಂತು ಯಾರು ಕಟ್ಟತಾರು?” ಎಂದ.

ಮಗ್ಗದ ಲೆಕ್ಕ

ಈ ಪ್ರಶ್ನೆಗೆ ನಮ್ಮೂರಿನಲ್ಲಿ ಹಳೆಯ ಉತ್ತರವೊಂದಿದೆ. ರಾಮದುರ್ಗ ನೇಕಾರರ ಊರು. ಕೆಲವು ಓಣಿಗಳಲ್ಲಿ ಇವತ್ತಿಗೂ ನಡೆದು ಹೋದರೆ ಮಗ್ಗದ ಸಪ್ಪಳದಲ್ಲಿ ಮಾತು ಕೇಳುವುದಿಲ್ಲ. ಅರವತ್ತು ದಾಟಿದ ಒಬ್ಬ ನೇಕಾರ ಕಾಕಾ ಪವರ್‌ಲೂಮ್ ನಿಲ್ಲಿಸಿ ಹೊರಗೆ ಬಂದು ಹೇಳಿದರು:

“ನಮ್ಮಪ್ಪ ಕೈಮಗ್ಗದಾಗ ಲಾಳಿ ಒಗೀತಿದ್ದ. ದಿನಾ ಪೂರ್ತಿ ಕುಂತ್ರ ಒಂದ ಸೀರಿ ಅರ್ಧಾ ಆಗತಿತ್ತು. ಕರೆಂಟಿನ ಮಗ್ಗ ಬಂದಾಗ ‘ಇದಕ ಕೈಯಿನ ಅಳತಿ ಏನ್ ಗೊತ್ತು’ ಅಂತ ಎಲ್ಲಾರೂ ನಕ್ರು. ಇವತ್ತ ಒಬ್ಬಂವ ನಾಕ ಮಗ್ಗ ನೋಡಕೋತಾನ. ಮೂರು ಮಂದಿ ಎಲ್ಲಿ ಹೋದ್ರು ಅಂತ ಯಾರೂ ಕೇಳ್ಲಿಲ್ಲ. ನನ್ನ ತಮ್ಮ ಹೋಗಿ ಡ್ರೈವಿಂಗ್ ಕಲ್ತ. ಈಗ ಡ್ರೈವರ್‌ಗೂ ಮಗ್ಗ ಬಂದ್ರ ಅವನ ಮಗ ಏನ್ ಕಲೀಬೇಕು?”

ಯಂತ್ರ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಕಾಕಾ ಉತ್ತರಿಸಿಬಿಡುತ್ತಿದ್ದರು. ಪವರ್‌ಲೂಮನ್ನು ಅವರು ನಂಬುತ್ತಾರೆ. ಅದು ಚಂದ ನೇಯುತ್ತದೆ. ಅವರ ಪ್ರಶ್ನೆ ನೇಯ್ದ ಸೀರೆಯದಲ್ಲ, ಎದ್ದು ಹೋದ ಮೂವರದು.

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಇದೇ ಕಾರಣ ಕೊಟ್ಟು, ಚಾಲಕರ ಕೆಲಸ ಕಿತ್ತುಕೊಳ್ಳುವ ಕಾರುಗಳಿಗೆ ದೇಶದಲ್ಲಿ ಅವಕಾಶ ಕೊಡುವುದಿಲ್ಲ ಎಂದು 2017ರಲ್ಲೂ ಹೇಳಿದ್ದರು, 2023ರಲ್ಲಿ ಮತ್ತೆ ಹೇಳಿದರು. ನಮ್ಮ ಅಣ್ಣನಂಥವರಿಗೆ ಇದು ಸಮಾಧಾನದ ಮಾತು. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗಿದ್ದವರ ಸ್ಥಿತಿ ಸುಧಾರಿಸುವುದಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಓಡಿಸುವವನ ಕೆಲಸ ಉಳಿಯಿತು ಸರಿ, ಅವನ ನಿದ್ದೆ?

ಉತ್ತರ ಕೊಡುವವರು ಯಾರು?

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಊರಿನಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್ ಕಂಪನಿಯ ಪರೀಕ್ಷಾರ್ಥ ಸ್ವಯಂಚಾಲಿತ ಕಾರು ಡಿಕ್ಕಿ ಹೊಡೆದು ಆಕೆ ಸತ್ತಳು. ಕಾರು ತಾನೇ ಓಡುತ್ತಿತ್ತು. ತುರ್ತು ಬಂದರೆ ಹಿಡಿಯಲಿ ಎಂದು ಸೀಟಿನಲ್ಲಿ ಒಬ್ಬ ಉದ್ಯೋಗಿಯನ್ನು ಕೂಡಿಸಿದ್ದರು. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ಆ ಉದ್ಯೋಗಿಯ ಮೇಲೆ ಆಯಿತು. 2023ರಲ್ಲಿ ತಪ್ಪೊಪ್ಪಿಕೊಂಡ ಆಕೆಗೆ ಮೂರು ವರ್ಷ ನಿಗಾವಣೆಯ ಶಿಕ್ಷೆ ಆಯಿತು. ಕಾರು ತಾನೇ ಓಡಿದ ದಿನವೂ ಕಟಕಟೆಗೆ ಬಂದದ್ದು ಸಂಬಳಕ್ಕೆ ಸೀಟಿನಲ್ಲಿ ಕೂತವರು.

ಇದನ್ನು ಓದಿದಾಗ ನಮಗೆ ದೂರದ ಸುದ್ದಿ ಅನ್ನಿಸಲಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಡಿಕ್ಕಿ ಹೊಡೆದು ಪೊಲೀಸರಿಗೆ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ ಕಲಂ ಸೇರಿಸಿದಾಗ, 2024ರ ಜನವರಿ ಮೊದಲಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿದ್ದರು. ಕೇಂದ್ರ ಆ ಕಲಮನ್ನು ತಡೆಹಿಡಿಯಿತು. ಅವತ್ತು ಅಣ್ಣ ಕೇಳಿದ್ದ: “ನಿಂತ್ರ ಮಂದಿ ಹೊಡೀತಾರ, ಓಡಿದ್ರ ಸರಕಾರ ಹೊಡೀತೈತಿ. ದೀಪ ಇಲ್ಲದ ಟ್ರೇಲರ್ ಬಿಟ್ಟಾಂವ ಯಾರು, ಗುಂಡಿ ಮುಚ್ಚದಾಂವ ಯಾರು, ಅವರನ್ನ ಯಾರು ಹೊಡೀತಾರ?”

ನಮ್ಮಲ್ಲಿ ಈಗ ಅಪಘಾತವಾದರೆ ಉತ್ತರ ಕೊಡಲು ಒಬ್ಬ ಡ್ರೈವರ್ ಇದ್ದಾನೆ. ಅದು ಪೂರ್ತಿ ಉತ್ತರ ಅಲ್ಲ, ಆದರೂ ಒಂದು ಹೆಸರು, ಒಂದು ಊರು, ಒಂದು ಮನೆ ಇದೆ. ಸತ್ತವರ ಮನೆಯವರು ಹೋಗಿ ಕೇಳಲು ಒಂದು ಬಾಗಿಲಿದೆ. ಡ್ರೈವರ್ ಇಲ್ಲದ ಗಾಡಿ ಬಂದ ದಿನ ಆ ಬಾಗಿಲು ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುತ್ತದೆ. ಹುಲಕುಂದದವರು ಅಲ್ಲಿಗೆ ಹೇಗೆ ಹೋಗಿ ಮುಟ್ಟುತ್ತಾರೆ? ಈ ಪ್ರಶ್ನೆಗೆ ಉತ್ತರ ಬರೆದಿಟ್ಟ ಮೇಲೆ ಗಾಡಿ ಬರಲಿ ಎನ್ನುವುದು ಹಟವಲ್ಲ.

ಕೊನೆಗೆ ನಾವು ಪ್ರಶ್ನೆಯನ್ನೇ ಬದಲಿಸಿ ನೋಡಿದೆವು. ದೊಡ್ಡ ವಾಹನಗಳಲ್ಲಿ ಡ್ರೈವರ್ ತೂಕಡಿಸಿದರೆ ಎಚ್ಚರಿಸುವ, ಎದುರು ಏನಾದರೂ ಬಂದರೆ ತಾನೇ ಬ್ರೇಕ್ ಹಾಕುವ ಸಾಧನ ಕಡ್ಡಾಯ ಮಾಡಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಕರಡು ನಿಯಮ ಹೊರಡಿಸಿದೆ. ಡ್ರೈವರ್ ಇಲ್ಲದ ಕಾರಿನೊಳಗಿನ ಅದೇ ಕಣ್ಣು, ಅದೇ ಬುದ್ಧಿ. ಆದರೆ ಸೀಟಿನಲ್ಲಿ ಮನುಷ್ಯ ಇರುತ್ತಾನೆ. “ಡ್ರೈವರ್‌ನ ತೆಗಿಯೂದಿಲ್ಲ, ಅವಂಗ ನಿದ್ದಿ ಬಂದ್ರ ಎಬ್ಬಸ್ತೈತಿ, ಅಂಥಾ ಗಾಡಿ ಹತ್ತತೀರೇನ್ರಿ?” ಎಂದು ಕೇಳಿದೆವು. ಮೊದಲು ಇಲ್ಲ ಎಂದಿದ್ದವರಲ್ಲಿ ಒಬ್ಬರೂ ಈಗ ಇಲ್ಲ ಎನ್ನಲಿಲ್ಲ. ನೇಕಾರ ಕಾಕಾ ಹೂಂ ಎಂದರು. ಕಾಯಿಪಲ್ಲೆಯ ಅಜ್ಜಿ, “ಅದನ್ನ ಮೊದಲ ಹಚ್ಚಿಸ್ಬೇಕಿತ್ತಲ್ಲ” ಎಂದಳು.

ಅಣ್ಣನಿಗೂ ಕೇಳಿದೆವು. ಅವನು ರೇಟು ಎಷ್ಟು ಎಂದು ಕೇಳಿದ. ಕ್ರೂಸರ್‌ಗೆ ಹಚ್ಚಿಕೊಡುತ್ತಾರಾ ಎಂದು ಕೇಳಿದ. ಆಮೇಲೆ ಅವ್ವನಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದ: “ಎಬ್ಬಸ್ತೈತಿ, ಖರೆ. ಎಬ್ಬಿಸಿದ ಮ್ಯಾಲ ‘ಗಾಡಿ ನಿಲ್ಲಸು, ಎರಡ ತಾಸ ಮಕ್ಕೋ, ಇವತ್ತಿನ ಬಾಡಿಗಿ ಹ್ವಾದ್ರ ಹೋಗ್ಲಿ’ ಅಂತ ಹೇಳಾವ್ರು ಯಾರು?”